‘ನೋ’ ಅಂದವಳು ನಾನೇ

ನಾನು ಪ್ರಾಂಪ್ಟ್ ಮಾಡಿದ ನಾಟಕ ಯಾವತ್ತೂ ಬಿದ್ದಿಲ್ಲ. ಜಂಬ ಅಂದ್ಕೊಂಡ್ರೆ ಅಂದ್ಕೊಳ್ಳಿ, ನನಗೇನೂ ಬೇಜಾರಿಲ್ಲ. ಜಯನಗರದ ಶಾಲೆಯೊಂದರಲ್ಲಿ ಮೂವತ್ತನಾಲ್ಕು ವರ್ಷ ಕನ್ನಡ ಪಾಠ ಹೇಳಿ ರಿಟೈರ್ ಆದ ಮೇಲೆ, ನನ್ನ ಹಳೇ ವಿದ್ಯಾರ್ಥಿಯೊಬ್ಬ ಕಟ್ಟಿದ ಹವ್ಯಾಸಿ ನಾಟಕದ ತಂಡದಲ್ಲಿ ಸೈಡ್‌ವಿಂಗಿನ ಕುರ್ಚಿ ನನ್ನದಾಯ್ತು. ಮಾತು ಮರೆತವರಿಗೆ ಮೊದಲಕ್ಷರ ಎತ್ತಿಕೊಡೋದು ನನ್ನ ಕೆಲಸ. ಪೂರ್ತಿ ಸಾಲು ಕೊಡಬಾರದು, ಕೊಟ್ರೆ ನಟ ಗಾಬರಿಯಾಗ್ತಾನೆ. ಮೊದಲಕ್ಷರ ಸಿಕ್ಕಿದ್ರೆ ಉಳಿದದ್ದು ತಾನಾಗೇ ಬರುತ್ತೆ. ಕ್ಲಾಸಲ್ಲಿ ಪದ್ಯ ಒಪ್ಪಿಸುವಾಗ ತಡವರಿಸೋ ಮಕ್ಕಳಿಗೆ ಮಾಡ್ತಿದ್ದದ್ದೂ ಇದನ್ನೇ. ತಂಡದಲ್ಲಿ ಅರ್ಧ ಜನ ನನ್ನ ಮುಂದೆ ಕೈಕಟ್ಟಿ ನಿಂತು ಪದ್ಯ ಒಪ್ಪಿಸಿದವರೇ. ಈಗಲೂ ಅವರಿಗೆಲ್ಲ ನಾನು ‘ಮಿಸ್’.

ಮೂರು ವರ್ಷದ ಹಿಂದೆ ನಮ್ಮ ತಂಡಕ್ಕೆ ಒಬ್ಬರು ಇಂಗ್ಲಿಷ್ ನಟರು ಬಂದರು. ಇಂಗ್ಲಿಷ್ ಮಾತಾಡೋ ನಟರಲ್ಲ, ಇಂಗ್ಲೆಂಡಿನಲ್ಲೇ ಹುಟ್ಟಿ ಬೆಳೆದು ಅಲ್ಲಿನ ಹಳೇ ರಾಜರಾಣಿಯರ ನಾಟಕಗಳಲ್ಲೇ ಆಯುಸ್ಸು ಕಳೆದವರು. ವಯಸ್ಸು ಎಪ್ಪತ್ತೈದು. ಹೆಂಡತಿ ತೀರಿಕೊಂಡ ಮೇಲೆ ಜೆ.ಪಿ. ನಗರದಲ್ಲಿದ್ದ ಮಗಳ ಮನೆಗೆ ಬಂದು ನಿಂತಿದ್ದರು. ಮಗಳು ನಮ್ಮೂರಿನ ಹುಡುಗನನ್ನು ಮದುವೆಯಾಗಿ ಹದಿನೈದು ವರ್ಷವಾಗಿತ್ತು. ಅವರೇಕಾಯಿ ಚೌಕಾಸಿ ಮಾಡೋದರಲ್ಲಿ ಅವಳು ನನ್ನನ್ನೂ ಮೀರಿಸ್ತಾಳೆ, ಅಂಥ ಕನ್ನಡ ಅವಳದ್ದು. ಅಪ್ಪ ಸುಮ್ಮನೆ ಸೋಫಾದ ಮೇಲೆ ಕೂತು ಕೂತು ಮಂಕಾಗ್ತಿದ್ದಾರೆ ಅಂತ ಅವಳೇ ಕರೆತಂದು ನಮಗೆ ಒಪ್ಪಿಸಿದಳು.

ನನ್ನ ವಿದ್ಯಾರ್ಥಿ, ಅಂದ್ರೆ ನಮ್ಮ ನಿರ್ದೇಶಕ, ಅವರಿಗೋಸ್ಕರವೇ ಒಂದು ನಾಟಕ ಬರೆದ. ಪರದೇಶದಲ್ಲಿ ಮೂವತ್ತು ವರ್ಷ ಸೆರೆಯಲ್ಲಿದ್ದು, ಮಾತೃಭಾಷೆಯೇ ಅರ್ಧ ಮರೆತು ಊರಿಗೆ ವಾಪಸ್ ಬರೋ ರಾಜನ ಕಥೆ. ಉಚ್ಚಾರಣೆ ಸೊಟ್ಟಗಿದ್ರೂ ಪಾತ್ರಕ್ಕೆ ಒಪ್ಪುತ್ತೆ. ಹುಡುಗನಿಗೆ ಬುದ್ಧಿ ಇದೆ, ಪರೀಕ್ಷೆಯಲ್ಲಿ ಮಾತ್ರ ತೋರಿಸಲಿಲ್ಲ ಅಷ್ಟೆ. ಮಾತು ಕಲಿಸೋ ಜವಾಬ್ದಾರಿ ನನ್ನ ತಲೆಗೆ ಬಂತು.

ವಾರಕ್ಕೆ ಎರಡು ಸಲ ಗಿರಿನಗರದ ನಮ್ಮನೆಗೆ ಅವರು ಆಟೋದಲ್ಲಿ ಬರೋರು. ಕಾಫಿ ಕುಡಿದು, ಲೋಟ ತಾವೇ ತೊಳೆದಿಟ್ಟು, ಆಮೇಲೆ ಪಾಠ. ‘ಳ’ ಅವರಿಗೆ ಬರ್ತಿರಲಿಲ್ಲ. ಮಕ್ಕಳು ಅನ್ನೋದಕ್ಕೆ ಮಕ್ಕಲು ಅನ್ನೋರು. ನಾಲಿಗೆ ಮಡಿಸಿ ಅಂತ ಗದರಿದರೆ ಬಾಯಿ ತೆರೆದು ಮಡಿಸಿ ತೋರಿಸೋರು, ಥೇಟ್ ಒಂದನೇ ಕ್ಲಾಸಿನ ಮಕ್ಕಳ ಹಾಗೆ. ಇವತ್ತು ಅರ್ಧ ಬೆಂಗಳೂರಿಗೇ ‘ಳ’ ಬರಲ್ಲ, ಅವರನ್ನೊಬ್ಬರನ್ನ ಬೈದು ಏನು ಪ್ರಯೋಜನ? ಆದ್ರೂ ಬೈದೆ. ಎರಡು ತಿಂಗಳಲ್ಲಿ ಬಂತು.

ಪಾಠದ ನಡುವೆ ತಮ್ಮ ಕಥೆ ಹೇಳೋರು. ಹದಿನೆಂಟನೇ ವಯಸ್ಸಿಗೆ ಕಂಪನಿ ಸೇರಿ ಎರಡು ವರ್ಷ ಬರೀ ಈಟಿ ಹಿಡಿದು ಸಿಂಹಾಸನದ ಹಿಂದೆ ನಿಂತಿದ್ದರಂತೆ. ಮೊದಲು ಸಿಕ್ಕ ಮಾತು, ಕುದುರೆ ಸಿದ್ಧವಾಗಿದೆ ಪ್ರಭು, ಅಷ್ಟೇ. ಅದನ್ನೇ ಊರೂರು ತಿರುಗಿ ಒಂದು ವರ್ಷ ಹೇಳಿದರಂತೆ. ಒಂದು ದಿನ ಅವರಮ್ಮ ಟಿಕೆಟ್ ತಗೊಂಡು ನೋಡೋಕೆ ಬಂದು, ಕುದುರೆ ಎಲ್ಲೋ ಕಾಣಲೇ ಇಲ್ಲವಲ್ಲ ಅಂದರಂತೆ. ಆಮೇಲೆ ದೂತ, ಆಮೇಲೆ ರಾಜನ ತಮ್ಮ, ನಲವತ್ತು ದಾಟಿದ ಮೇಲೆ ರಾಜ. ಮಧ್ಯಾಹ್ನ ಒಂದು ನಾಟಕದಲ್ಲಿ ಕತ್ತಿ ಏಟಿಗೆ ಸತ್ತು, ಸಂಜೆ ಇನ್ನೊಂದರಲ್ಲಿ ಪಾದ್ರಿಯಾಗಿ ಎದ್ದು ಬರಬೇಕಿತ್ತಂತೆ. ಮೈಕು ಇಲ್ಲ. ಕೊನೇ ಸಾಲಿನಲ್ಲಿ ಕೂತ ಕಿವುಡಜ್ಜಿಗೂ ಪಿಸುಮಾತು ಕೇಳಿಸಬೇಕು ಅಂತ ಗುರುಗಳು ಹೇಳಿಕೊಟ್ಟಿದ್ದರಂತೆ.

ಎಲ್ಲಕ್ಕಿಂತ ಹೆಚ್ಚಾಗಿ ಅವರು ಹೆಸರು ಮಾಡಿದ್ದು ಮಾತು ನಿಲ್ಲಿಸೋದರಲ್ಲಿ. ಸಾಲಿನ ನಡುವೆ ನಿಲ್ಲಿಸಿಬಿಟ್ಟರೆ ಸಭೆಯಲ್ಲಿ ಯಾರೂ ಕೆಮ್ಮುತ್ತಿರಲಿಲ್ಲವಂತೆ. ನಮ್ಮಲ್ಲಿ ಹಾಗೆ ನಿಲ್ಲಿಸಿದ್ರೆ ಜನ ಮೊಬೈಲ್ ತೆಗೀತಾರೆ ಅಂದೆ. ಜೋರಾಗಿ ನಕ್ಕರು.

ಎರಡು ಶೋ ಗೊತ್ತಾಯ್ತು, ಶನಿವಾರ ಒಂದು, ಭಾನುವಾರ ಒಂದು. ಬನಶಂಕರಿಯಲ್ಲಿ ಒಂದು ಪುಟ್ಟ ಸಭಾಂಗಣ. ನಾಟಕದ ಜೀವ ಇದ್ದದ್ದು ಕೊನೇ ದೃಶ್ಯದಲ್ಲಿ. ಅರಮನೆ ಬಾಗಿಲಿಗೆ ಬಂದ ರಾಜನನ್ನು ಕಾವಲುಗಾರ ಗುರುತು ಹಿಡಿಯಲ್ಲ. ಏನು ಕೇಳೋಕೆ ಬಂದೆಯೋ ಮುದುಕಾ ಅಂತ ಗದರ್ತಾನೆ. ಆ ಪಾತ್ರ ಮಾಡಿದ್ದು ಬೇಗೂರಿನಲ್ಲಿ ನಾಲ್ಕು ಬಿಲ್ಡಿಂಗ್ ಬಾಡಿಗೆಗೆ ಕೊಟ್ಟಿರೋ ದಪ್ಪ ಮೀಸೆಯ ಮನುಷ್ಯ, ಗದರೋದು ಅವನಿಗೆ ಕಲಿಸಬೇಕಾಗಿರಲಿಲ್ಲ. ಅದಕ್ಕೆ ರಾಜನ ಉತ್ತರ, “ನಾನು ಬಂದದ್ದು ಕೇಳುವುದಕ್ಕಲ್ಲ.” ಒಂದು ಸಣ್ಣ ವಿರಾಮ. “ನೋಡುವುದಕ್ಕೆ.” ಅಲ್ಲಿಂದ ಎರಡು ಪುಟದ ಮಾತು. ಆ ಒಂದು ಪದ ಬಂದ್ರೆ ಎರಡು ಪುಟವೂ ಬರುತ್ತೆ, ಬರದಿದ್ರೆ ನಾಟಕ ಅಲ್ಲಿಗೇ ಮುಗೀತು.

ರಿಹರ್ಸಲ್‌ನಲ್ಲಿ ಅವರು ಆ ವಿರಾಮಕ್ಕೆ ಮೂರು ಎಣಿಸೋಷ್ಟು ಹೊತ್ತು ತಗೊಳ್ತಿದ್ದರು. ಶನಿವಾರ ನಾನು ಐದು ಎಣಿಸಿದೆ. ಏಳಾಯ್ತು. ಒಂಬತ್ತಾಯ್ತು. ಅಭ್ಯಾಸಬಲ, “ನೋ” ಅಂತ ಮೊದಲಕ್ಷರ ಕೊಟ್ಟೆ. ಅವರಿಗೆ ಕೇಳಿಸಲಿಲ್ಲ. ಸ್ವಲ್ಪ ಜೋರಾಗಿ, “ನೋ... ನೋ...”

ಕೇಳಿಸಿತು. ಇಡೀ ಸಭೆಗೆ ಕೇಳಿಸಿತು. ಕನ್ನಡದಲ್ಲಿ ಅದು ಒಂದು ಅಕ್ಷರ, ಇಂಗ್ಲಿಷಿನಲ್ಲಿ ಪೂರ್ತಿ ಮಾತು ಅನ್ನೋದು ನನ್ನ ತಲೆಗೆ ಹೊಳೆಯಲೇ ಇಲ್ಲ. ನಮ್ಮ ರಾಜ ಬೆಚ್ಚಿಬಿದ್ದು ವಿಂಗ್ ಕಡೆ ತಿರುಗಿದರು, ಬರಬೇಡ ಅಂತ ಯಾರೋ ತಡೆದ ಹಾಗೆ. ಸಭೆ ಗೊಳ್ ಅಂತು. ಹಿಂದಿನ ಸಾಲಿಂದ ಒಬ್ಬ, ಒಂದ್ಸಲ ಯೆಸ್ ಅನ್ನಮ್ಮಾ ಅಂತ ಕೂಗಿದ. ಅವರು ಹೇಗೋ ಸಾವರಿಸಿಕೊಂಡು ಮಾತು ಮುಗಿಸಿದರು. ಆದರೆ ಎರಡು ಪುಟವೂ ಕಿಸಿಕಿಸಿ ನಗುವಿನ ನಡುವೆ ನೀರುಪಾಲಾಯ್ತು.

ಗ್ರೀನ್‌ರೂಮಿನಲ್ಲಿ ಬಣ್ಣ ಒರೆಸದೆ ನೆಟ್ಟಗೆ ನಿಂತಿದ್ದರು. ದನಿ ಎತ್ತಲಿಲ್ಲ, ಎತ್ತಿದ್ರೇ ಚೆನ್ನಾಗಿತ್ತು. ಇಷ್ಟು ವರ್ಷದಲ್ಲಿ ನನ್ನ ಮೌನವನ್ನು ಯಾರೂ ತುಂಡರಿಸಿರಲಿಲ್ಲ ಮಿಸ್, ನಾನು ಮರೆತಿರಲಿಲ್ಲ, ಅಭಿನಯಿಸ್ತಿದ್ದೆ ಅಂತ ಎಲ್ಲರ ಮುಂದೆ ಇಂಗ್ಲಿಷಿನಲ್ಲಿ ಹೇಳಿದರು. ನನ್ನ ವಿದ್ಯಾರ್ಥಿ ನೆಲ ನೋಡ್ತಾ, ನಾಳೆ ನೀವು ಆಡಿಯನ್ಸಲ್ಲಿ ಕೂತ್ಕೊಳ್ಳಿ ಮಿಸ್, ಆರಾಮಾಗಿ ನಾಟಕ ನೋಡಿ ಅಂದ. ಅವನಿಗೆ ಕಾಗುಣಿತ ತಿದ್ದಿಸಿದವಳು ನಾನು! ಮೈಯೆಲ್ಲ ಉರಿದುಹೋಯ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ಅವರಿಬ್ಬರ ಮುಖಕ್ಕೇ ಹೇಳಿ ಬಂದೆ. ದಾರಿಯಲ್ಲಿ ಪಾಪ ಆಟೋದವನ ಜೊತೆಗೂ ಸುಮ್ಮಸುಮ್ಮನೆ ಜಗಳವಾಡಿದೆ.

ಅವಮಾನಕ್ಕಿಂತ ಹೆಚ್ಚಾಗಿ ನನ್ನನ್ನ ಕೊರೆದದ್ದು ಬೇರೆ. ನಾನು ತಪ್ಪು ಮಾಡಿರಲಿಲ್ಲ. ಯೋಚನೆ ಮಾಡ್ತಿರೋ ಮಗು ಮೇಲೆ ನೋಡುತ್ತೆ, ಸೂರು ನೋಡುತ್ತೆ, ಕಿಟಕಿ ನೋಡುತ್ತೆ. ಮರೆತ ಮಗು ಎದುರಿಗಿರೋರ ಮುಖ ನೋಡುತ್ತೆ, ಉತ್ತರ ಅಲ್ಲೇ ಬರೆದಿದೆಯೇನೋ ಅನ್ನೋ ಹಾಗೆ. ಸಾವಿರಾರು ಮಕ್ಕಳಲ್ಲಿ ಕಂಡಿದ್ದೀನಿ. ಅವತ್ತು ಅವರು ಕಾವಲುಗಾರನ ಮೀಸೆಯನ್ನು ಜನ್ಮದಲ್ಲೇ ಮೊದಲ ಸಲ ಕಂಡವರ ಹಾಗೆ ನೋಡ್ತಾ ನಿಂತಿದ್ದರು.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಗೇಟು ಸದ್ದಾಯ್ತು. ನೋಡಿದ್ರೆ ಅವರೇ, ಕೈಯಲ್ಲಿ ಸೀಬೆಹಣ್ಣಿನ ಕವರು. ಒಳಗೆ ಬನ್ನಿ ಅಂದ್ರೆ ಬರಲಿಲ್ಲ, ಜಗಲಿಯ ಮೆಟ್ಟಿಲ ಮೇಲೇ ಕೂತರು. ನೀವು ಹೇಳಿದ್ದೇ ಸರಿ ಮಿಸ್, ಅಂದರು.

ಮರೆತದ್ದು ಬರೀ ಪದವಲ್ಲವಂತೆ. ಎದುರಿಗೆ ನಿಂತವನು ಯಾರು, ಇದು ಯಾವ ಊರು, ಯಾವ ನಾಟಕ, ಎಲ್ಲ ಒಟ್ಟಿಗೇ ಆರಿಹೋಯ್ತಂತೆ. ಮನೆಯಲ್ಲಿ ಒಂದು ವರ್ಷದಿಂದ ಹೀಗಾಗ್ತಿದೆಯಂತೆ. ಒಲೆ ಮೇಲೆ ಹಾಲಿಟ್ಟು ಮರೆಯೋದು, ವಾಕಿಂಗ್ ಹೋದವರು ತಮ್ಮ ರಸ್ತೆ ದಾಟಿ ಎಲ್ಲೋ ಹೋಗಿಬಿಡೋದು. ಆದರೆ ರಂಗದ ಮೇಲೆ ಒಂದು ಸಲವೂ ಆಗಿರಲಿಲ್ಲ. ಅದೊಂದು ಜಾಗಕ್ಕೆ ಬರಲ್ಲ ಅಂತ ನಂಬಿಕೊಂಡಿದ್ದರಂತೆ. ನಿನ್ನೆ ಅಲ್ಲಿಗೂ ಬಂತು.

“ಮನೆಯಲ್ಲಿ ಮರೆತರೆ ನಾನೊಬ್ಬ ಮುದುಕ, ಅಷ್ಟೆ,” ಅಂದರು. “ಅಲ್ಲಿ ಮರೆತರೆ ನಾನು ಯಾರೂ ಅಲ್ಲ.”

ಅದಕ್ಕೇ ಎಲ್ಲರ ಮುಂದೆ ಸುಳ್ಳು ಹೇಳಿದ್ದಂತೆ. ಕ್ಷಮಿಸಿ ಅಂತ ಕೈಮುಗಿದರು. ಮಗಳಿಗೆ ಮಾತ್ರ ಗೊತ್ತಾಗಬಾರದು, ಅವಳಿಗೆ ತನ್ನ ಕಷ್ಟಗಳೇ ಸಾಕಷ್ಟಿವೆ, ಗೊತ್ತಾದ ದಿನವೇ ನಾಟಕ ಬಿಡಿಸಿ ಕೂರಿಸ್ತಾಳೆ ಅಂದರು. ಇವತ್ತು ಗಂಟಲು ಕೆಟ್ಟಿದೆ ಅಂತ ನಿರ್ದೇಶಕನಿಗೆ ಫೋನ್ ಮಾಡಿ ಶೋ ನಿಲ್ಲಿಸಿಬಿಡ್ತೀನಿ, ಇನ್ನು ಈ ಜನ್ಮಕ್ಕೆ ಸಾಕು ಅಂದರು.

ರಾತ್ರಿಯೆಲ್ಲ ಸಾಕಿಕೊಂಡಿದ್ದ ಸಿಟ್ಟು ಎಲ್ಲಿ ಹೋಯ್ತೋ ಗೊತ್ತಿಲ್ಲ. ಕಣ್ಣಲ್ಲಿ ನೀರು ಬಂತು. ಆದ್ರೆ ನನ್ನ ಬಾಯಿ ನನ್ನದೇ ಅಲ್ವಾ, ಗದರಿಬಿಟ್ಟೆ.

“ನೀವು ಆಡ್ತೀರಿ. ಮೊದಲನೇ ಸಾಲಲ್ಲಿ, ಮಧ್ಯದಲ್ಲಿ ನಾನು ಕೂತಿರ್ತೀನಿ. ಮರೆತ್ರೆ ನನ್ನ ಮುಖ ನೋಡಿ.”

ನೋಡಿದ್ರೆ ನೀವು ಏನು ಮಾಡ್ತೀರಿ ಅಂತ ಕೇಳಿದರು. ಅದು ನನ್ನ ಕೆಲಸ, ನಿಮಗ್ಯಾಕೆ ಅಂದೆ. ನಿಜ ಹೇಳಬೇಕಂದ್ರೆ ಏನು ಮಾಡ್ತೀನಿ ಅಂತ ನನಗೂ ಗೊತ್ತಿರಲಿಲ್ಲ. ಅಲ್ಲೇ ಮೆಟ್ಟಿಲ ಮೇಲೆ ಎರಡು ಪುಟವನ್ನೂ ನಾಲ್ಕು ಸಲ ಒಪ್ಪಿಸಿಕೊಂಡೆ. ಒಂದಕ್ಷರ ತಪ್ಪಲಿಲ್ಲ. ಪಕ್ಕದ ಮನೆಯವರು ಹಾಲಿನ ಪ್ಯಾಕೆಟ್ ಹಿಡಿದುಕೊಂಡು ಕಾಂಪೌಂಡಿನ ಹತ್ತಿರ ನಿಂತು ಕೇಳಿದರು. ಹೋಗುವಾಗ ನಮ್ಮ ರಾಜ ಸ್ವಲ್ಪ ನೆಟ್ಟಗಾಗಿದ್ದರು.

ಸಂಜೆ ಹಾಲ್ ತುಂಬಿತ್ತು. ನಿನ್ನೆಯ ‘ನೋ’ ಸುದ್ದಿ ಕೇಳಿ ತಮಾಷೆ ನೋಡೋಕೆ ಬಂದವರೂ ಇದ್ದರು. ನಾನು ಹೇಳಿದ ಕುರ್ಚಿಯಲ್ಲೇ ಕೂತೆ. ಪಕ್ಕದಲ್ಲಿ ಅವರ ಮಗಳು ಬಂದು ಕೂತಳು, ಬೆಳಿಗ್ಗೆ ಅಪ್ಪ ನಿಮ್ಮನೆಗೆ ಬಂದಿದ್ರಂತೆ ಆಂಟಿ ಅಂದಳು. ಹೌದಮ್ಮ, ಸೀಬೆಹಣ್ಣು ಕೊಟ್ಟು ಹೋದರು ಅಂದೆ.

ಕೊನೇ ದೃಶ್ಯದವರೆಗೆ ಎಲ್ಲ ಸಲೀಸಾಗಿ ಹೋಯ್ತು. ಅವರ ದನಿ ಆ ಪುಟ್ಟ ಹಾಲಿನ ಗೋಡೆಗಳನ್ನು ಹಿಂದಕ್ಕೆ ತಳ್ಳೋ ಹಾಗಿತ್ತು. ಆಮೇಲೆ ಬಾಗಿಲು ಬಂತು, ಮೀಸೆಯವನು ಗದರಿದ, ಅವರು “ನಾನು ಬಂದದ್ದು ಕೇಳುವುದಕ್ಕಲ್ಲ” ಅಂದರು. ಮೂರು ಎಣಿಸಿದೆ. ಆರು ಎಣಿಸಿದೆ. ಮೀಸೆಯ ಮೇಲಿದ್ದ ಅವರ ಕಣ್ಣು ಮೆಲ್ಲಗೆ ಅಲ್ಲಿಂದ ಇಳಿದು ಹುಡುಕುತ್ತಾ ಬಂದು ನನ್ನ ಮೇಲೆ ನಿಂತಿತು.

ಸಭೆ ಉಸಿರು ಬಿಗಿಹಿಡಿದಿತ್ತು. ಎಂಥಾ ಅಭಿನಯ ಅಂತ ಜನರಿಗೆ. ಮತ್ತೆ ‘ನೋ’ ಅಂದ್ರೆ ಮತ್ತೆ ನಗ್ತಾರೆ, ಅನ್ನದಿದ್ರೆ ಈ ಮನುಷ್ಯ ಇಲ್ಲೇ ಮುಗಿದುಹೋಗ್ತಾರೆ. ನಾನು ಹೀಗೆ ಒದ್ದಾಡ್ತಿರುವಾಗಲೇ ಅವರು ಕಾವಲುಗಾರನನ್ನು ಬಿಟ್ಟು ರಂಗದ ಅಂಚಿಗೆ ನಡೆದು ಬಂದರು. ನನ್ನ ಕಡೆ ಬಗ್ಗಿ, ಸ್ಕ್ರಿಪ್ಟಿನಲ್ಲಿ ಎಲ್ಲೂ ಇಲ್ಲದ ಮಾತನ್ನು ಸ್ಪಷ್ಟವಾದ ಕನ್ನಡದಲ್ಲಿ ಕೇಳಿದರು.

“ತಾಯಿ, ನಾನು ಇಲ್ಲಿಗೆ ಯಾಕೆ ಬಂದೆ?”

ಅದು ರಾಜನ ಪ್ರಶ್ನೆ ಅಲ್ಲ. ಅವರಿಗೆ ನಿಜವಾಗಿ ಗೊತ್ತಿರಲಿಲ್ಲ. ನಾನು ಎದ್ದು ನಿಂತೆ. ಸೈಡ್‌ವಿಂಗಿನ ಪಿಸುಮಾತು ಬಿಟ್ಟು, ಕೊನೇ ಬೆಂಚಿಗೆ ಕೇಳಿಸೋ ನನ್ನ ಹಳೇ ದನಿ ತೆಗೆದೆ.

“ನೋಡುವುದಕ್ಕೆ, ಮಹಾಸ್ವಾಮಿ. ನಮ್ಮನ್ನೆಲ್ಲ ನೋಡುವುದಕ್ಕೆ ಬಂದಿರಿ.”

ಅವರ ಮುಖದಲ್ಲಿ ಊರು ವಾಪಸ್ ಬಂತು, ನಾಟಕ ವಾಪಸ್ ಬಂತು, ನಾನೂ ವಾಪಸ್ ಬಂದೆ. “ಹೌದು,” ಅಂದರು. “ನೋಡುವುದಕ್ಕೆ.” ಬೆನ್ನು ನೆಟ್ಟಗೆ ಮಾಡಿ ಬಾಗಿಲ ಕಡೆ ತಿರುಗಿದರು, ಎರಡು ಪುಟದ ಮಾತು ಶುರುವಾಯ್ತು. ಸಭೆಯಲ್ಲಿ ಒಬ್ಬರೂ ಕೆಮ್ಮಲಿಲ್ಲ.

ನಾನು ಕುಸಿದು ಕೂತೆ. ಮಗಳು ನನ್ನ ಕಿವಿಯ ಹತ್ತಿರ ಬಗ್ಗಿ, ಇದು ಸ್ಕ್ರಿಪ್ಟಲ್ಲಿ ಇತ್ತಾ ಆಂಟಿ ಅಂತ ಕೇಳಿದಳು. ಇತ್ತು ಕಣಮ್ಮ, ನಿನ್ನೆ ಬಿಟ್ಟುಹೋಗಿತ್ತು ಅಂದೆ. ಸುಳ್ಳು ಹೇಳಿದ ಮಕ್ಕಳನ್ನ ಬೆಂಚಿನ ಮೇಲೆ ನಿಲ್ಲಿಸಿದವಳು ನಾನು, ಆದ್ರೂ ರೆಪ್ಪೆ ಬಡಿಯದೆ ಹೇಳಿದೆ.

ಅವಳು ರಂಗದಿಂದ ಕಣ್ಣು ಕೀಳದೆ ನನ್ನ ಕೈ ಹಿಡಿದುಕೊಂಡಳು.

“ನಂಗೊತ್ತು ಆಂಟಿ. ಒಂದು ವರ್ಷದಿಂದ ಗೊತ್ತು. ನಂಗೊತ್ತು ಅಂತ ಅಪ್ಪಂಗೆ ಮಾತ್ರ ಹೇಳ್ಬೇಡಿ.”