ಬೇಡವೆಂದ ಹಿಡಿ ಅಕ್ಕಿ

ನಮ್ಮ ಕ್ರೈಸ್ತ ಸಭೆಯ ಹೆಂಗಸರು ಚಾಡಿ ಹೇಳುತ್ತಿರಲಿಲ್ಲ. ಚಾಡಿ ಪಾಪ. ಮಂಗಳವಾರದ ಪ್ರಾರ್ಥನಾ ಕೂಟದಲ್ಲಿ ಕಣ್ಣು ಮುಚ್ಚಿ, ಕೈ ಜೋಡಿಸಿ, ಅದೇ ಮಾತನ್ನು ದೇವರಿಗೆ ಹೇಳುತ್ತಿದ್ದೆವು. ಸುತ್ತ ಕೂತವರ ಕಿವಿ ಮಾತ್ರ ತೆರೆದೇ ಇರುತ್ತಿತ್ತು. ನಾನೂ ಹಾಗೆ ಹೇಳಿದವಳೇ.

ಐವತ್ತರ ದಶಕದಲ್ಲಿ ಮದುವೆಯಾಗಿ ರಾಜಾಜಿನಗರಕ್ಕೆ ಬಂದೆ. ಆಗ ಅಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ನಮ್ಮಲ್ಲಿ ಪ್ರತಿ ಮನೆಯವರೂ ಅನ್ನಕ್ಕಿಡುವಾಗ ಒಂದು ಹಿಡಿ ಅಕ್ಕಿಯನ್ನು ದೇವರಿಗೆಂದು ಬೇರೆ ಡಬ್ಬಕ್ಕೆ ಹಾಕುತ್ತಿದ್ದರು. ಶನಿವಾರ ಅದನ್ನು ಮನೆಮನೆಯಿಂದ ಚೀಲದಲ್ಲಿ ಕೂಡಿಸಿ ತಂದು, ಭಾನುವಾರ ಆರಾಧನೆಗೆ ಮುಂಚೆ ದೊಡ್ಡ ಕುಕ್ಕೆಗೆ ಸುರಿಯುವ ಕೆಲಸ ನನ್ನದು.

ಕಾಮಾಕ್ಷಿಪಾಳ್ಯದಲ್ಲಿ ನಮ್ಮ ಸಭೆಯ ವಿಧವೆಯೊಬ್ಬರಿದ್ದರು. ಎರಡು ಹೆಣ್ಣುಮಕ್ಕಳು, ಊದುಬತ್ತಿ ಹೊಸೆಯುವ ಕೆಲಸ. ಅವರು ಹೊಸ ವಠಾರಕ್ಕೆ ಬಂದ ಮೇಲೆ ಒಂದು ಶನಿವಾರ ಹೋದರೆ ಹಣೆಯಲ್ಲಿ ಕಾಸಿನಗಲ ಕುಂಕುಮ! ನಮ್ಮವರು ಯಾರೂ ಇಡದ ಕುಂಕುಮ. ಏನು ಎತ್ತ ಎಂದು ಕೇಳುವ ಸೌಜನ್ಯ ನನಗಿರಲಿಲ್ಲ. ಮಂಗಳವಾರ ಅವರ ಹೆಸರೆತ್ತಿ, ‘ಈ ಸಹೋದರಿ ನಂಬಿಕೆಯಿಂದ ಜಾರದ ಹಾಗೆ ಕಾಪಾಡಪ್ಪಾ’ ಎಂದು ದೇವರಲ್ಲಿ ಬೇಡಿಕೊಂಡೆ. ದೊಡ್ಡ ಉಪಕಾರ ಮಾಡಿದೆನೆಂಬ ಸಮಾಧಾನವೂ ಆಯಿತು.

ಮುಂದಿನ ಶನಿವಾರದೊಳಗೆ ತೀರ್ಪು ಬಂದಿತ್ತು. ಆ ಮನೆಯ ಅಕ್ಕಿ ಮುಟ್ಟಬಾರದೆಂದು ಸಭಾ ಹಿರಿಯರ ಹೆಂಡತಿ ಹೇಳಿ ಕಳಿಸಿದರು. ಅಕ್ಕಿ ಬೇಡವೆಂದರೆ ಆ ಮನೆ ಸಭೆಯ ಲೆಕ್ಕದಲ್ಲಿಲ್ಲ ಎಂದೇ ಅರ್ಥ. ಶನಿವಾರ ಆ ವಿಧವೆಯ ಬಾಗಿಲಲ್ಲಿ ನಿಂತು ತಡವರಿಸುತ್ತಾ ಹೇಳಿದೆ. ಅವರು ಡಬ್ಬ ಹಿಡಿದೇ ನಿಂತಿದ್ದರು.

“ಬೋಳು ಹಣೆ ನೋಡಿ ಐದು ಕಡೆ ಮನೆ ಇಲ್ಲ ಅಂದ್ರು. ಆರನೇ ಕಡೆ ಬೊಟ್ಟಿಟ್ಕೊಂಡು ಹೋದೆ. ಗಂಡ ಮಿಲಿಟರೀಲಿ ಅವ್ರೆ ಅಂದೆ. ಸುಳ್ಳೇ. ದಿನಾ ದೇವರ ಹತ್ರ ಒಪ್ಕೋತೀನಿ, ಭಾನುವಾರ ಒರೆಸ್ಕೊಂಡು ಬರ್ತೀನಿ. ಎರಡು ಹೆಣ್ಣುಮಕ್ಕಳನ್ನ ಕಟ್ಕೊಂಡು ಬೀದೀಲಿ ಮಲಗ್ಬೇಕಿತ್ತಾ, ಹೇಳೀಮ್ಮ?”

ನನ್ನ ಮನೆ ಗಂಡನ ಕಾರ್ಖಾನೆಯವರು ಕೊಟ್ಟದ್ದು. ಕೀಲಿಕೈ ಕೊಡುವಾಗ ನನ್ನ ಹಣೆಯನ್ನು ಯಾರೂ ನೋಡಿರಲಿಲ್ಲ. ಪರೀಕ್ಷೆಗೇ ಕೂರದೆ ಪಾಸಾದವಳು ಇನ್ನೊಬ್ಬರನ್ನು ಫೇಲು ಮಾಡಿದ್ದೆ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಚೀಲದ ಬಾಯಿ ಬಿಚ್ಚಿ, “ಹಾಕಿ ಅಕ್ಕ” ಎಂದೆ.

ಭಾನುವಾರ ಕುಕ್ಕೆಗೆ ಅಕ್ಕಿ ಸುರಿದು ಹಿರಿಯರ ಹೆಂಡತಿಗೆ ಗಟ್ಟಿಯಾಗಿಯೇ ಹೇಳಿದೆ: “ಅವರ ಅಕ್ಕೀನೂ ಇದರಲ್ಲೇ ಇದೆ. ಬೇಡ ಅನ್ನೋರು ಆರಿಸಿ ತೆಗೀರಿ.”

“ಅವಳ ಪಾಪದಲ್ಲಿ ನೀನೂ ಪಾಲು ತಗೋತೀಯೇನಮ್ಮಾ?”

“ನನ್ನದೇ ಬೇಕಾದಷ್ಟಿದೆ. ಕಣ್ಣು ಮುಚ್ಕೊಂಡು ಚಾಡಿ ಹೇಳಿದ್ದು ಪ್ರಾರ್ಥನೆ, ಕಣ್ಣು ಬಿಟ್ಕೊಂಡು ನಿಜ ಹೇಳಿದ್ರೆ ಪಾಪಾನಾ?”

ಯಾರೂ ಅಕ್ಕಿ ಆರಿಸಲಿಲ್ಲ. ಕುಕ್ಕೆ ಹಾಗೆಯೇ ಒಳಗೆ ಹೋಯಿತು. ಚೀಲವನ್ನು ಮಾತ್ರ ಅಂದೇ ನನ್ನಿಂದ ಕಿತ್ತುಕೊಂಡರು. ಕ್ಷಮೆ ಕೇಳಬೇಕೆಂದರು. ಕೇಳಲಿಲ್ಲ. ಈಗಲೂ ಕೇಳುವುದಿಲ್ಲ. ಬೈಬಲಿನ ‘ತೀರ್ಪು ಮಾಡಬೇಡಿರಿ’ ಎಂಬುದನ್ನು ಬಾಯಿಪಾಠ ಮಾಡಿಸಿದವರೇ ಅವರು.

ನಾನು ಕ್ಷಮೆ ಕೇಳಬೇಕಾದವರು ಬೇರೆ ಒಬ್ಬರಿದ್ದರು. ಮಾರನೆಯ ದಿನ ಬರಿಗೈಯಲ್ಲಿ ಕಾಮಾಕ್ಷಿಪಾಳ್ಯಕ್ಕೆ ನಡೆದೆ. “ಕೂಟದಲ್ಲಿ ನಿಮ್ಮ ಹೆಸರು ತೆಗೆದದ್ದು ನಾನೇ ಅಕ್ಕ” ಎಂದೆ. ಅವರು ಕಡ್ಡಿ ಹೊಸೆಯುವುದನ್ನು ನಿಲ್ಲಿಸಲಿಲ್ಲ.

“ಗೊತ್ತಿತ್ತು ಕಣಮ್ಮ,” ಅಂದರು. “ಬೊಟ್ಟಿಟ್ಟ ಮೇಲೆ ಸಭೆಯೋರು ಅಂತ ನಮ್ಮನೆ ಬಾಗಿಲಿಗೆ ಬಂದಿದ್ದು ನೀವೊಬ್ಬರೇ ಅಲ್ವಾ.”