ಸುಟ್ಟುಹೋದ ಸಿನಿಮಾದ ಹನ್ನೊಂದು ಮುಖಗಳು

ಬೆಳಗಿನ ಐದು ಗಂಟೆ. ಬಸ್ ಡಿಪೋದಲ್ಲಿ ಸಾಲಾಗಿ ನಿಂತ ಬಸ್ಸುಗಳ ಪೈಕಿ ಒಂದರಲ್ಲಿ ಮಾತ್ರ ದೀಪ ಉರಿಯುತ್ತಿದೆ. ಒಳಗೆ, ಹಿಂದಿನ ಸೀಟಿನ ಕೆಳಗೆ ಅರ್ಧ ಮೈ ತೂರಿಸಿಕೊಂಡು ಹೆಂಗಸೊಬ್ಬರು ಯಾರೋ ಅಂಟಿಸಿಹೋದ ಚೂಯಿಂಗ್ ಗಮ್ಮನ್ನು ತಗಡಿನ ಚೂರಿನಿಂದ ಕೆರೆಯುತ್ತಿದ್ದಾರೆ. ಏಳೂವರೆಯೊಳಗೆ ಇಂಥ ಒಂಬತ್ತು ಬಸ್ಸು ಗುಡಿಸಿ ಒರೆಸಬೇಕು. ಬಸ್ಸಿಗೆ ನಾಲ್ಕು ಬಕೆಟ್ ನೀರು. ಕೆಸರಿನ ದಿನ ಆರು.

ಡಿಪೋದಲ್ಲಿ ಇವರನ್ನು ಎಲ್ಲರೂ ಕರೆಯುವುದು ಚೆಂಡಕ್ಕ ಎಂದು. ವಯಸ್ಸು ಐವತ್ತೆಂಟು. ಚೆಂಡನ್ನು ಒಮ್ಮೆಯೂ ಒದ್ದವರಲ್ಲ. "ಆಫ್‌ಸೈಡ್ ಅಂದ್ರೆ ಏನಂತ ಇವತ್ತಿಗೂ ನಂಗೊತ್ತಿಲ್ಲ. ಮೂರು ಜನ ಹೇಳಿಕೊಟ್ರು, ಮೂರೂ ಬೇರೆ ಬೇರೆ ಥರ ಇತ್ತು," ಎನ್ನುತ್ತಾರೆ.

ಆದರೂ ಆ ಹೆಸರು ಅವರಿಗೆ ಸಲ್ಲಬೇಕಾದದ್ದೇ. ಯಾರೂ ನೋಡಲಾಗದ ಒಂದು ಫುಟ್‌ಬಾಲ್ ಸಿನಿಮಾದ ಅರವತ್ತಮೂರು ಗುರುತುಗಳು ಅವರ ಎರಡು ಕೋಣೆಯ ಮನೆಯಲ್ಲಿವೆ.

ಇಪ್ಪತ್ತಾರು ವರ್ಷದ ಹಿಂದೆ ಡಿಪೋದ ಹಳೆಯ ವಿಶ್ರಾಂತಿ ಕೋಣೆ ಕೆಡವುವಾಗ, ಇಲಿಯ ಬಿಲಕ್ಕೆ ಅಡ್ಡವಾಗಿ ಯಾರೋ ಮೊಳೆ ಹೊಡೆದಿದ್ದ ರಟ್ಟೊಂದನ್ನು ಇವರು ಕಿತ್ತರು. ತಿರುಗಿಸಿದರೆ ಫೋಟೊ. ಹನ್ನೊಂದು ಗಂಡಸರು, ಮಧ್ಯದಲ್ಲಿ ಚೆಂಡು, ಎಲ್ಲರ ಮೊಣಕಾಲಿಗೂ ಮಣ್ಣು. ಹಿಂದೆ ಒಂದು ಮುದ್ರೆ: ‘ಹತ್ತು ನಿಮಿಷ ಬಾಕಿ’.

ಅದೊಂದು ಮೂಕಿ ಸಿನಿಮಾದ ಹೆಸರೆಂದು ಹೇಳಿದವರು ಗ್ರಂಥಾಲಯದ ಮೇಲ್ವಿಚಾರಕರು. ಗೋದಾಮಿನ ಹಮಾಲರು ತಮ್ಮ ಧಣಿಗಳ ತಂಡದ ಎದುರು ಆಡುವ ಕಥೆ. ಆಟಗಾರರಾಗಿ ನಟಿಸಿದವರು ನಿಜವಾದ ಹಮಾಲರೇ. ಮಾತಿನ ಸಿನಿಮಾ ಬಂದ ಮೇಲೆ ಇದರ ಸುರುಳಿಗಳನ್ನು ಮೂಲೆಗೆ ತಳ್ಳಿದ್ದರು. ಆಗಿನ ಫಿಲ್ಮು ಸೀಮೆಎಣ್ಣೆಯಷ್ಟೇ ಬೇಗ ಹೊತ್ತಿಕೊಳ್ಳುತ್ತಿತ್ತು. ಒಂದು ಮಧ್ಯಾಹ್ನದ ಬೆಂಕಿಗೆ ಎಲ್ಲವೂ ಬೂದಿಯಾಯಿತು.

ಚೆಂಡಕ್ಕ ಅಲ್ಲಿಂದ ಹುಡುಕಲು ಹೊರಟರು. ರಜೆ ಸಿಕ್ಕಾಗಲೆಲ್ಲ ಮುಚ್ಚಿದ ಚಿತ್ರಮಂದಿರಗಳು, ಹಳೆಯ ಅಚ್ಚುಕೂಟಗಳು, ಹಮಾಲರ ಮೊಮ್ಮಕ್ಕಳ ಮನೆಗಳು. ಹರಿದ ಟಿಕೆಟ್ಟು, ಕರಪತ್ರ, ರೆಫರಿಯ ಸೀಟಿ, ತೆರೆಯ ಮೇಲೆ ಮೂಡುತ್ತಿದ್ದ ಮಾತುಗಳನ್ನು ಬರೆದ ಹಾಳೆ, ಎಡಗಾಲಿನ ಒಂದು ಬೂಟು. ಬಲಗಾಲಿನದಕ್ಕೆ ಇನ್ನೂ ಹುಡುಕಾಟ ನಡೆದಿದೆ.

ಮನೆಯಲ್ಲಿ ಇದನ್ನು ಹುಚ್ಚು ಎನ್ನದವರಿಲ್ಲ. ಒಮ್ಮೆ ಚರಂಡಿ ಉಕ್ಕಿ ನೀರು ಒಳಗೆ ನುಗ್ಗಿದಾಗ ಇವರು ಮೊದಲು ಎತ್ತಿಕೊಂಡು ಮಹಡಿಗೆ ಓಡಿದ್ದು ಇವನ್ನೆಲ್ಲ ತುಂಬಿಟ್ಟಿದ್ದ ಪೆಟ್ಟಿಗೆಯನ್ನು. ಮಂಚದ ಮೇಲೆ ಕೂತಿದ್ದ ಅತ್ತೆ ಸಾಯುವವರೆಗೂ ಅದನ್ನು ಮರೆಯಲಿಲ್ಲ. "ನನ್ನ ಸೊಸೆ ನನ್ನನ್ನ ಬಿಟ್ಟು ಹನ್ನೊಂದು ಗಂಡಸರನ್ನ ಹೊತ್ಕೊಂಡು ಹೋದಳು," ಎಂದು ಬಂದವರಿಗೆಲ್ಲ ಹೇಳುತ್ತಿದ್ದರಂತೆ. ಆದರೆ ಒದ್ದೆಯಾದ ಕರಪತ್ರಗಳನ್ನು ತಮ್ಮ ದಿಂಬಿನ ಕೆಳಗಿಟ್ಟು ಮಟ್ಟಸ ಮಾಡಿಕೊಟ್ಟವರೂ ಅದೇ ಅತ್ತೆ.

ಕರಪತ್ರದಲ್ಲಿ ಹನ್ನೊಂದು ಹೆಸರಿದ್ದವು. ಒಂದೊಂದೇ ಮನೆ ಹುಡುಕಿ, ಯಾರು ಯಾರೆಂದು ಕೇಳುತ್ತ ಹೋದರು. ಹತ್ತು ಮುಖಗಳಿಗೆ ಹೆಸರು ಕೂಡಿಬಂತು. ಗೋಲ್‌ಕೀಪರನ ಮೊಮ್ಮಗ ಮಾತ್ರ ಫೋಟೊ ನೋಡಿ, ಇವರು ನಮ್ಮಜ್ಜ ಅಲ್ಲ ಎಂದುಬಿಟ್ಟ. ಅಜ್ಜ ಶೂಟಿಂಗಿಗೆ ಮೂರು ದಿನ ಮೊದಲು ಏಣಿಯಿಂದ ಬಿದ್ದು ಕೈ ಮುರಿದುಕೊಂಡಿದ್ದನಂತೆ. ಹಾಗಾದರೆ ಅವನ ಜಾಗದಲ್ಲಿ ನಿಂತವರು ಯಾರು? ಏಳು ವರ್ಷ ಉತ್ತರ ಸಿಗಲಿಲ್ಲ.

ಕೊನೆಗೆ ಚೆಂಡಕ್ಕ ಡಿಪೋ ಮ್ಯಾನೇಜರರ ಅನುಮತಿ ಕೇಳಿದರು. ಇಪ್ಪತ್ತೆರಡು ಬಸ್ಸುಗಳಲ್ಲಿ, ಡ್ರೈವರ್ ಸೀಟಿನ ಹಿಂದೆ, ಆ ಮುಖವನ್ನು ದೊಡ್ಡದು ಮಾಡಿಸಿ ಅಂಟಿಸಿದರು: ‘ಇವರನ್ನು ಬಲ್ಲಿರಾ?’

ಹತ್ತೊಂಬತ್ತನೆಯ ದಿನ, ಕಣ್ಣು ತೋರಿಸಲು ಆಸ್ಪತ್ರೆಗೆ ಹೊರಟಿದ್ದ ಎಂಬತ್ತನಾಲ್ಕು ವರ್ಷದ ನಿವೃತ್ತ ಟೀಚರೊಬ್ಬರು ಬಸ್ಸಿನಲ್ಲಿ ಎದ್ದು ನಿಂತರು. ಆಸ್ಪತ್ರೆಯಲ್ಲಿ ಇಳಿಯಲೇ ಇಲ್ಲ. ಕೊನೆಯ ನಿಲ್ದಾಣದವರೆಗೂ ಫೋಟೊದ ಎದುರು ಕೂತು, ಕಂಡಕ್ಟರನ ಕೈ ಹಿಡಿದುಕೊಂಡು ಡಿಪೋಗೆ ಬಂದರು. ಅವರ ಪರ್ಸಿನಲ್ಲಿ ಅಪ್ಪನ ಒಂದು ಫೋಟೊ ಇತ್ತು. ಎಡಹುಬ್ಬನ್ನು ಎರಡಾಗಿ ಸೀಳಿದ ಅದೇ ಗಾಯದ ಗುರುತು.

ತಾನೊಮ್ಮೆ ಸಿನಿಮಾದಲ್ಲಿ ಗೋಲು ಕಾದಿದ್ದೇನೆ ಎಂದು ಅಪ್ಪ ಹೇಳುತ್ತಿದ್ದರಂತೆ. ತೋರಿಸೋಣವೆಂದರೆ ಸಿನಿಮಾವೇ ಇಲ್ಲ, ಕರಪತ್ರದಲ್ಲಿ ಹೆಸರೂ ಇಲ್ಲ. ನೆಂಟರು ನಗುತ್ತಿದ್ದರು. ಹತ್ತು ವರ್ಷದವಳಾಗಿದ್ದಾಗ, ಗೆಳತಿಯರೆದುರು ಮರ್ಯಾದೆ ಹೋಗುತ್ತದೆಂದು, ಮಗಳೂ ಅಂದಿದ್ದಳು: ನಮ್ಮಪ್ಪ ಬರೀ ಸುಳ್ಳು ಹೇಳ್ತಾರೆ. ಅಪ್ಪ ಬಾಗಿಲಲ್ಲೇ ನಿಂತಿದ್ದರು. ಆಮೇಲೆ ಸಾಯುವವರೆಗೂ ಆ ಮಾತನ್ನೇ ಎತ್ತಲಿಲ್ಲ.

ಮೂಲ ಫೋಟೊವನ್ನು ಚೆಂಡಕ್ಕ ಅವರ ಮಡಿಲಲ್ಲಿಟ್ಟರು.  ಟೀಚರು ಹುಬ್ಬಿನ ಮೇಲೆ ಬೆರಳಿಟ್ಟು, "ತಪ್ಪಾಯ್ತಪ್ಪ," ಎಂದರು. ಅಷ್ಟೇ.

"ಫಿನಾಯಿಲ್ ವಾಸನೆ ಬರ್ತಿದ್ದ ನನ್ನ ಕೈನ ಕೆನ್ನೆಗೆ ಒತ್ಕೊಂಡ್ರು," ಎಂದು ಚೆಂಡಕ್ಕ ನೆನೆಯುತ್ತಾರೆ. "ಥ್ಯಾಂಕ್ಸ್ ಅಂದ್ರು. ನಾನೇ ಹೇಳ್ಬೇಕಿತ್ತು. ಇಷ್ಟು ವರ್ಷ ಯಾಕೆ ಇದನ್ನೆಲ್ಲ ಕೂಡಿಹಾಕ್ತಿದೀನಿ ಅಂತ ಯಾರಾದ್ರೂ ಕೇಳಿದ್ರೆ ನನ್ನ ಹತ್ರ ಉತ್ತರ ಇರ್ಲಿಲ್ಲ. ಅವತ್ತು ಸಿಕ್ತು."

ಈಗ ಪ್ರತಿ ಭಾನುವಾರ ಟೀಚರು ಚೆಂಡಕ್ಕನ ಮನೆಗೆ ಬರುತ್ತಾರೆ. ಕಣ್ಣಿನ ಆಪರೇಷನ್ ಆಗಿದೆ. ಒಂದೊಂದು ವಸ್ತುವಿಗೂ ದುಂಡಗಿನ ಅಕ್ಷರದಲ್ಲಿ ಚೀಟಿ ಬರೆಯುವುದು ಅವರ ಕೆಲಸ. ಚೆಂಡಕ್ಕ ಬರೆದಿಟ್ಟ ಹಳೆಯ ಚೀಟಿಗಳಲ್ಲಿ ಕಾಗುಣಿತ ತಪ್ಪಿದ್ದರೆ ಬೈಗುಳ. ಬರುವ ತಿಂಗಳು ಗ್ರಂಥಾಲಯದ ಒಂದು ಕೋಣೆಯಲ್ಲಿ ಇವೆಲ್ಲ ಪ್ರದರ್ಶನಕ್ಕೆ ಬರಲಿವೆ. ಹನ್ನೊಂದು ಮನೆಗಳಿಗೂ ಕರೆ ಹೋಗಿದೆ, ಕೈ ಮುರಿದುಕೊಂಡವನ ಮನೆ ಸೇರಿ ಹನ್ನೆರಡು.

ಬೇರೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಚೆಂಡಕ್ಕ ಒರೆಸುವ ಬಟ್ಟೆ ಹಿಂಡುತ್ತ ಯೋಚಿಸುತ್ತಾರೆ.

"ಎಲ್ಲಾದ್ರೂ ಒಂದು ಸುರುಳಿ ಉಳ್ಕೊಂಡಿರಬೋದು, ಯಾರಿಗೆ ಗೊತ್ತು. ಸಿಕ್ರೆ ಎಲ್ಲರನ್ನೂ ಕೂರಿಸಿ ತೋರಿಸ್ಬೇಕು. ಮುಂದಿನ ಸಾಲು ಅವರ ಮಕ್ಕಳು ಮೊಮ್ಮಕ್ಕಳಿಗೆ. ನಂಗೆ ಸೀಟು ಬೇಡ, ಬಾಗಿಲ ಹತ್ರ ನಿಂತ್ಕೋತೀನಿ. ಅಲ್ಲಿಂದ ಅವರ ಮುಖ ಎಲ್ಲಾ ಕಾಣುತ್ತೆ."