ಅಂಚಿನಲ್ಲಿ ಉಳಿದ ತೋಳು

ವೀಣಾ, ‘ದೀಪಾ’ ಎಂಬ ಹೆಸರಿಟ್ಟು, ನಿನ್ನ ಚಿತ್ರ ಹಾಕಿ ಆ ಪ್ರೊಫೈಲ್ ಮಾಡಿದವನು ನಾನು. ಬೇರೆ ಯಾರೂ ಅಲ್ಲ. ನಿಮ್ಮ ತಂದೆ ಕೇಳಿದ ದಿನವೇ ಹೇಳಬೇಕಿದ್ದ ಮಾತು ಇದು — ಹೇಳಲಿಲ್ಲ.

ಎರಡು ಸಾವಿರದ ಇಸವಿ ಕಳೆದು ಆರೇಳು ವರ್ಷವಾಗಿತ್ತು. ಶಿವಮೊಗ್ಗದ ಆ ಕಂಪ್ಯೂಟರ್ ತರಬೇತಿ ಕೇಂದ್ರದ ಪ್ರಚಾರ ನನ್ನ ಕೆಲಸ. ನೀನು ಭದ್ರಾವತಿಯ ಕಾಗದನಗರದ ಕ್ವಾರ್ಟರ್ಸ್‌ನಿಂದ ದಿನವೂ ಬಸ್ಸಿನಲ್ಲಿ ಬಂದು ಕಲಿಯುತ್ತಿದ್ದೆ. ಮುಂದಿನ ತಿಂಗಳಿಂದ ನೀನೇ ಅಲ್ಲಿ ಪಾಠ ಹೇಳುವುದೆಂದು ನಿಶ್ಚಯವಾಗಿತ್ತು. ನಿನ್ನ ಮೊದಲ ಕೆಲಸ ಅದು. ಹುಡುಗರು ಕರಪತ್ರ ಓದುವುದನ್ನು ಬಿಟ್ಟು, ಇಂಟರ್ನೆಟ್‌ನಲ್ಲಿ ಒಬ್ಬರಿಗೊಬ್ಬರು ‘ಸ್ಕ್ರ್ಯಾಪ್’ ಎಂಬ ಪುಟ್ಟ ಸಂದೇಶ ಬರೆದುಕೊಳ್ಳುತ್ತಿದ್ದ ಕಾಲ. ನಾನೂ ಅಲ್ಲಿ ಕೇಂದ್ರದ ಹೆಸರಲ್ಲಿ ಒಂದು ಗುಂಪು, ‘ಕಮ್ಯುನಿಟಿ’, ತೆರೆದಿದ್ದೆ. ಸೇರಿದವರು ಹನ್ನೆರಡು ಮಂದಿ, ಅರ್ಧ ನಮ್ಮವರೇ.

“ಏನ್ ಮಾರಾಯ, ನಿನ್ ಕಮ್ಯುನಿಟಿಗಿಂತ ಬಸ್‌ಸ್ಟ್ಯಾಂಡ್ ಬೋರ್ಡೇ ವಾಸಿ,” ಎಂದು ಮಾಲೀಕರು ನಕ್ಕರು. ಅವರು ಹೇಳಿದ್ದು ಅಷ್ಟೇ. ಹುಡುಗಿಯ ಮುಖ ಕಂಡರೆ ಹುಡುಗರು ಸೇರುತ್ತಾರೆ ಎಂಬುದು ನನ್ನದೇ ಬುದ್ಧಿ.

ಆಯುಧಪೂಜೆಯ ದಿನ ಕಂಪ್ಯೂಟರುಗಳಿಗೆ ಹೂವಿಟ್ಟು, ಎಲ್ಲರೂ ಸಾಲಾಗಿ ನಿಂತು ತೆಗೆಸಿಕೊಂಡಿದ್ದ ಚಿತ್ರದಿಂದ ನಿನ್ನನ್ನಷ್ಟೇ ಕತ್ತರಿಸಿದೆ. ಪಕ್ಕದಲ್ಲಿದ್ದ ನನ್ನ ಚೌಕುಳಿ ಅಂಗಿಯ ತೋಳು ಅಂಚಿನಲ್ಲಿ ಸ್ವಲ್ಪ ಉಳಿಯಿತು. ಹೆಸರು ಬದಲಿಸಿದೆ, ಊರನ್ನು ಮಾತ್ರ ಭದ್ರಾವತಿ ಎಂದೇ ಬಿಟ್ಟೆ — ಹತ್ತಿರದ ಹುಡುಗಿ ಎನಿಸಲಿ ಎಂದು. ‘ನಾನು ಕಲಿಯುವುದು ಇಲ್ಲೇ, ನೀವೂ ಬನ್ನಿ’ ಎಂದು ಗುರುತಿಲ್ಲದ ಎಷ್ಟೋ ಜನರಿಗೆ ನೀನೇ ಬರೆದಂತೆ ಬರೆದೆ. ಸೇರಿದರು. ನನಗೆ ಸಂತೋಷವಾಯಿತು — ಅದನ್ನೂ ಮುಚ್ಚಿಡಲಾರೆ.

ಮೂರನೇ ವಾರ ಇಬ್ಬರು ಹುಡುಗರು ಆ ಪುಟದ ಪ್ರಿಂಟ್ ಹಿಡಿದು ಕಾಗದನಗರದಲ್ಲಿ ದೀಪಾಳ ಮನೆ ಹುಡುಕುತ್ತಾ ನಿಮ್ಮ ಮನೆಗೇ ಬಂದರು. ಮರುದಿನ ಅದೇ ಪ್ರಿಂಟ್ ಹಿಡಿದು, ನಿನ್ನನ್ನೂ ಕರೆದುಕೊಂಡು ನಿಮ್ಮ ತಂದೆ ಬಂದರು.

“ಇವಳೇ ಹಾಕ್ಕೊಂಡಿದ್ದಾಳೋ, ಬೇರೆ ಯಾರಾದ್ರೂ ಹಾಕಿದಾರೋ, ನೀವು ಹೇಳ್ರಿ. ನಂಗೆ ಇದೆಲ್ಲ ತಿಳಿಯಲ್ಲ.”

ತಿಳಿದವನೆಂದು ನನ್ನನ್ನೇ ಕೇಳಿದರು.

“ಸಾಮಾನ್ಯವಾಗಿ ಅವರವರೇ ಮಾಡ್ಕೋತಾರೆ ಸಾರ್,” ಎಂದೆ.

ನೀನು ಕಾಗದದ ಅಂಚನ್ನು ನೋಡಿದೆ. ಆಮೇಲೆ ನನ್ನನ್ನು. ನಾನು ಕೀಬೋರ್ಡಿನ ಕಡೆ ನೋಡುತ್ತಿದ್ದೆ — ಆದರೂ ನೀನು ನೋಡಿದ್ದು ನನಗೆ ಗೊತ್ತಾಯಿತು. “ನಡೀರಿ ಅಪ್ಪಾಜಿ,” ಎಂದೆ ನೀನು.

“ಏನೂ ಮಾಡ್ದೆ ಇದ್ರೆ ಯಾಕೆ ಸುಮ್ನಿದೀಯ?” ಎಂದು ಅವರು ಮೆಟ್ಟಿಲಿಳಿಯುತ್ತಾ ಕೇಳಿದ್ದು ಒಳಗಿನವರೆಗೂ ಕೇಳಿಸಿತು.

ಅಂದು ಮಧ್ಯಾಹ್ನವೇ ದೀಪಾಳನ್ನು ಅಳಿಸಿಹಾಕಿದೆ. ನೀನು ನಿರಪರಾಧಿ ಎನ್ನಲು ಇದ್ದ ಸಾಕ್ಷಿಯನ್ನೂ ಹಾಗೆ ಅಳಿಸಿದೆ. ನೀನು ಮತ್ತೆ ಬರಲಿಲ್ಲ. ನಿನ್ನ ತರಗತಿಯನ್ನು ಬೇರೆಯವರು ತೆಗೆದುಕೊಂಡರು.

ನನ್ನ ಹೆಸರನ್ನು ನೀನೇಕೆ ಹೇಳಲಿಲ್ಲ — ಎಷ್ಟೋ ಕಾರಣ ಕಟ್ಟಿಕೊಂಡೆ. ಎಲ್ಲವೂ ನನಗೆ ಅನುಕೂಲವಾದವೇ.

ನಿಮ್ಮ ತಂದೆ ಈಗ ಮಲವಗೊಪ್ಪದಲ್ಲಿದ್ದಾರೆಂದು ತಿಳಿಯಿತು. ಆ ಪ್ರೊಫೈಲನ್ನು ನೀನೇ ಹಾಕಿಕೊಂಡದ್ದೆಂದು ಇಂದಿಗೂ ನಂಬಿದ್ದಾರಂತೆ. ಈ ಭಾನುವಾರ ಹೋಗುತ್ತೇನೆ. ಆಯುಧಪೂಜೆಯ ಇಡೀ ಚಿತ್ರ ನನ್ನ ಬಳಿ ಇದೆ. ಅವರು ಕಂಡದ್ದು ನೀನೊಬ್ಬಳೇ ಇದ್ದ ತುಂಡು. ಪಕ್ಕದಲ್ಲಿ ನಿಂತವನನ್ನು ತೋರಿಸಿ, ಇವನೇ ಎಂದು ಹೇಳಿ ಬರುತ್ತೇನೆ.